‘ದೊಡ್ಡ ಉಪಕಾರವಾಯಿತು’ ಎಂಬ ಬೈಗುಳ

ಮನೆಯ ಗೇಟಿಗೆ ಅಡ್ಡವಾಗಿ ಯಾರೋ ಕಾರು ನಿಲ್ಲಿಸಿ ಹೋಗಿರುತ್ತಾರೆ. ಹೊರಗೆ ಹೊರಟವರು ಅತ್ತಿತ್ತ ನೋಡಿ, ‘ಯಾವ ಪುಣ್ಯಾತ್ಮನಪ್ಪಾ ಇವನು’ ಎಂದು ಉದ್ಗರಿಸುತ್ತಾರೆ. ಕಾರಿನವನು ಪುಣ್ಯ ಸಂಪಾದಿಸಿದ್ದಾನೆಂದು ಈ ಮಾತು ಕೇಳಿದ ಯಾವ ಕನ್ನಡಿಗನೂ ಭಾವಿಸುವುದಿಲ್ಲ. ಅರ್ಧ ಗಂಟೆಯ ತರುವಾಯ ಆತ ಬೀಗದಕೈ ಆಡಿಸುತ್ತಾ ಬಂದು ಕಾರು ತೆಗೆದಾಗ ‘ಬಹಳ ಉಪಕಾರವಾಯಿತು ಸ್ವಾಮಿ’ ಎಂಬ ಮಾತು ಹೊರಡುತ್ತದೆ. ಅದೂ ವಂದನೆಯಲ್ಲ. ಆತ ಮುಖ ಗಂಟಿಕ್ಕಿಕೊಂಡು ಹೊರಟುಹೋದನೆಂದರೆ ಮಾತು ತಲುಪಬೇಕಾದಲ್ಲಿಗೆ ತಲುಪಿತೆಂದು ಅರ್ಥ. ‘ಪರವಾಗಿಲ್ಲ ಬಿಡಿ ಸಾರ್’ ಎಂದು ನಗುತ್ತಾ ಹೋದನೋ, ಹೇಳಿದವರು ಆ ದಿನವೆಲ್ಲ ಕುದಿಯಬೇಕಾಗುತ್ತದೆ.

ಕೃತಜ್ಞತೆಯ ಮಾತುಗಳು ಎಲ್ಲ ಭಾಷೆಗಳಲ್ಲೂ ಹೀಗೆ ಎರಡು ಮುಖ ಹೊತ್ತು ಬದುಕುತ್ತವೆ. ಆದರೆ ಕನ್ನಡದಲ್ಲಿ ಎರಡನೆಯ ಮುಖವೇ ಹೆಚ್ಚು ಪರಿಚಿತವೇನೋ ಎಂದು ನನಗೆ ಆಗಾಗ ಅನ್ನಿಸಿದೆ. ‘ಧನ್ಯನಾದೆ’ ಎಂಬ ಮಾತನ್ನು ಕಳೆದ ಹತ್ತು ವರ್ಷಗಳಲ್ಲಿ ಯಾರಾದರೂ ದೇವರ ಸನ್ನಿಧಿಯ ಹೊರಗೆ ನಿಜವಾದ ಅರ್ಥದಲ್ಲಿ ಆಡಿದ್ದನ್ನು ಕೇಳಿದ್ದೀರಾ? ‘ನೀನು ಬಂದದ್ದೇ ಹೆಚ್ಚು, ನಾವು ಧನ್ಯರಾದೆವು’ ಎಂದರೆ ಮದುವೆಗೆ ಊಟದ ಹೊತ್ತಿಗೆ ಬಂದ ಬಂಧುವಿಗೆ ಬಿದ್ದ ಪೆಟ್ಟು. ‘ಉದ್ಧಾರವಾದೆ’ ಎಂದರೆ ಕೆಟ್ಟೆ. ‘ಘನಕಾರ್ಯ ಮಾಡಿದೆ’ ಎಂದರೆ ಮಾಡಬಾರದ್ದನ್ನು ಮಾಡಿದೆ. ‘ಎಲ್ಲಾ ತಮ್ಮ ಕೃಪೆ’ ಎಂಬುದು ಕಾರಣ ಹೇಳುವ ಮಾತಲ್ಲ, ಹೊಣೆಗಾರನನ್ನು ಗುರುತಿಸುವ ಮಾತು. ಹಳೆಯ ನಾಟಕ ಕಂಪನಿಗಳ ಹೆಸರಿನಲ್ಲಿ ಭಕ್ತಿಯಿಂದ ಕುಳಿತಿದ್ದ ‘ಕೃಪಾಪೋಷಿತ’ ಎಂಬ ಪದವಂತೂ ರಾಜಕೀಯ ವರದಿಗಳಿಗೆ ಬಂದು ಪೂರ್ತಿ ಬಣ್ಣ ಬದಲಿಸಿತು. ಇನ್ನು ‘ದೊಡ್ಡ ನಮಸ್ಕಾರ’. ಬರಿಯ ನಮಸ್ಕಾರ ಸಂಬಂಧವನ್ನು ಆರಂಭಿಸುತ್ತದೆ, ದೊಡ್ಡ ನಮಸ್ಕಾರ ಅದನ್ನು ಮುಗಿಸುತ್ತದೆ. ‘ನಿನಗೂ ನಿನ್ನ ಸಹಾಯಕ್ಕೂ ದೊಡ್ಡ ನಮಸ್ಕಾರ’ ಎಂದ ಮೇಲೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟ ಉದಾಹರಣೆಗಳು ಎಲ್ಲರ ಕುಟುಂಬಗಳಲ್ಲೂ ಇರುತ್ತವೆ.

ಇದಕ್ಕೊಂದು ಕಾರಣವಿದೆ. ಇಂಗ್ಲಿಷಿನ ‘ಥ್ಯಾಂಕ್ಯೂ’ಗೆ ಸಮನಾದ, ದಿನಕ್ಕೆ ಇಪ್ಪತ್ತು ಬಾರಿ ಬಳಸಬಹುದಾದ ಹಗುರವಾದ ಪದ ನಮ್ಮ ಆಡುಮಾತಿನಲ್ಲಿ ಬೆಳೆಯಲಿಲ್ಲ. ಬಡಿಸಿದ ತಾಯಿಗೆ, ದಾರಿ ತೋರಿಸಿದ ನೆರೆಯವನಿಗೆ ಮಾತಿನಲ್ಲಿ ಲೆಕ್ಕ ಚುಕ್ತಾ ಮಾಡುವ ರೂಢಿ ಇರಲಿಲ್ಲ. ತೀರ ಹೇಳಲೇಬೇಕಾದಾಗ ಹಿರಿಯರು ಹರಸುತ್ತಿದ್ದರು: ನಿನ್ನ ಹೊಟ್ಟೆ ತಣ್ಣಗಿರಲಿ, ನೂರು ಕಾಲ ಬಾಳು. ಕಿರಿಯರು ಸುಮ್ಮನಿದ್ದು ಸಮಯ ಬಂದಾಗ ಕೆಲಸಕ್ಕಾಗುತ್ತಿದ್ದರು. ಉಪಕಾರ ಎಂಬುದರ ಬೆನ್ನಿಗೇ ಹಂಗು, ಋಣ ಎಂಬ ಭಾರವಾದ ಪದಗಳು ಅಂಟಿಕೊಂಡಿದ್ದವು. ಸಭೆಗಳಲ್ಲಿ ನಾವು ಬಳಸುವ ‘ಆಭಾರಿ’ ಎಂಬ ಪದದಲ್ಲಿಯೇ ಭಾರ ಇದೆ. ಇನ್ನು ‘ಕೃತಜ್ಞ’ ಎಂದರೆ ಮಾಡಿದ್ದನ್ನು ಅರಿತವನು, ‘ಕೃತಘ್ನ’ ಎಂದರೆ ಮಾಡಿದ್ದನ್ನು ಕೊಂದವನು. ಎರಡರ ನಡುವೆ ಇರುವುದು ಒಂದೇ ಒಂದು ಒತ್ತಕ್ಷರದ ಅಂತರ. ಇಷ್ಟು ತೂಕದ ಪದಗಳನ್ನು ಸಣ್ಣ ಸಂದರ್ಭಕ್ಕೆ ಎಳೆದು ತಂದರೆ ಅಲ್ಲಿ ಏನೋ ಅಸಹಜತೆ ಇದೆಯೆಂದು ಕೇಳುಗನಿಗೆ ಕೂಡಲೇ ಹೊಳೆಯುತ್ತದೆ. ಒಂದು ಲೋಟ ನೀರಿಗೆ ‘ಜನ್ಮದಲ್ಲಿ ನಿಮ್ಮ ಋಣ ತೀರಿಸಲಾರೆ’ ಎಂದರೆ ನೀರು ತರಲು ತಡವಾಯಿತೆಂದೇ ತಾತ್ಪರ್ಯ.

‘ಧನ್ಯವಾದ’ ಎಂಬುದು ಸಂಸ್ಕೃತದಿಂದ ಬಂದು ಭಾಷಣ, ಪತ್ರ, ಪತ್ರಿಕೆಗಳಲ್ಲಿ ನೆಲೆಯೂರಿದ ಪದ. ಅದರ ಮೂಲದಲ್ಲಿ ‘ಧನ’ ಇದೆಯೆಂಬುದು ಅರ್ಥಶಾಸ್ತ್ರ ಓದಿದ ನನ್ನಂಥವರಿಗೆ ಸ್ವಲ್ಪ ಖುಷಿ ಕೊಡುವ ಸಂಗತಿ. ಇತ್ತೀಚೆಗೆ ಕೆಲವು ಕನ್ನಡಾಭಿಮಾನಿಗಳು ‘ನನ್ನಿ’ ಎಂಬ ಹಳೆಯ ಪದವನ್ನು ಈ ಅರ್ಥದಲ್ಲಿ ಚಲಾವಣೆಗೆ ತಂದಿದ್ದಾರೆ. ಹಳಗನ್ನಡದಲ್ಲಿ ನನ್ನಿಯೆಂದರೆ ಸತ್ಯ. ಗಂಗ ಅರಸರ ‘ನನ್ನಿಯ ಗಂಗ’ ಎಂಬ ಬಿರುದಿನಲ್ಲಿರುವುದು ಆ ಅರ್ಥವೇ. ಪ್ರಯತ್ನ ಒಳ್ಳೆಯದೇ. ಆದರೆ ಇದುವರೆಗೆ ಯಾರೂ ಯಾರನ್ನೂ ‘ನನ್ನಿ’ ಎಂದು ಚುಚ್ಚಿದ್ದನ್ನು ನಾನು ಕೇಳಿಲ್ಲ. ವ್ಯಂಗ್ಯಕ್ಕೆ ಬಳಕೆಯಾಗದ ಪದ ಇನ್ನೂ ಜನರ ಬಾಯಿಗೆ ಪೂರ್ತಿ ಹತ್ತಿಲ್ಲವೆಂದೇ ತಿಳಿಯಬೇಕು. ‘ಥ್ಯಾಂಕ್ಸ್’ ಆ ಪರೀಕ್ಷೆಯಲ್ಲಿ ಎಂದೋ ಪಾಸಾಗಿದೆ. ‘ಥ್ಯಾಂಕ್ಸ್ ಕಣಪ್ಪಾ’ ಎಂಬುದರ ಕೊನೆಯ ಅಕ್ಷರವನ್ನು ಎಷ್ಟು ಎಳೆಯುತ್ತಾರೆ ಎಂಬುದರ ಮೇಲೆ ಕೋಪದ ಪ್ರಮಾಣವನ್ನು ಅಳೆಯಬಹುದು.

ಇದು ಆಧುನಿಕರ ಕೊಂಕುತನ, ಪೇಟೆಯ ಹುಡುಗರ ಭಾಷೆ ಎಂದು ಭಾವಿಸುವವರು ಕಾಶ್ಮೀರದ ಮಮ್ಮಟನನ್ನು ನೆನೆಯಬೇಕು. 11ನೆಯ ಶತಮಾನದ ಈ ಆಲಂಕಾರಿಕನ ‘ಕಾವ್ಯಪ್ರಕಾಶ’ವನ್ನು ನಮ್ಮ ವಿಶ್ವವಿದ್ಯಾಲಯಗಳ ಸಂಸ್ಕೃತ, ಕನ್ನಡ ವಿದ್ಯಾರ್ಥಿಗಳು ಕಾವ್ಯಮೀಮಾಂಸೆಯ ಪಾಠದಲ್ಲಿ ಓದುತ್ತಾ ಬಂದಿದ್ದಾರೆ. ವಾಚ್ಯಾರ್ಥ ಸಂಪೂರ್ಣ ಬದಿಗೆ ಸರಿದು ಅದರ ವಿರುದ್ಧಾರ್ಥವೇ ಹೊಮ್ಮುವ ಧ್ವನಿಗೆ ‘ಅತ್ಯಂತ ತಿರಸ್ಕೃತ ವಾಚ್ಯ’ವೆಂದು ಹೆಸರು. ಇದಕ್ಕೆ ಮಮ್ಮಟ ಕೊಡುವ ಉದಾಹರಣೆ ಯುದ್ಧವರ್ಣನೆಯೂ ಅಲ್ಲ, ಪ್ರಣಯಪ್ರಸಂಗವೂ ಅಲ್ಲ. ಕೇಡು ಮಾಡಿದ ಗೆಳೆಯನಿಗೆ ಕೇಡು ಅನುಭವಿಸಿದವನು ಕೃತಜ್ಞತೆ ಹೇಳುತ್ತಾನೆ. ನೀನು ಮಾಡಿದ ಉಪಕಾರ ದೊಡ್ಡದು, ನಿನ್ನ ಸಜ್ಜನಿಕೆಯನ್ನು ಚೆನ್ನಾಗಿ ತೋರಿಸಿಕೊಟ್ಟೆ, ಸದಾ ಇಂಥದನ್ನೇ ಮಾಡುತ್ತಾ ನೂರು ವರ್ಷ ಸುಖವಾಗಿರು ಎಂಬುದು ಆ ಶ್ಲೋಕದ ಭಾವ. ಅದರ ಕೆಳಗೆ ಮಮ್ಮಟ, ಇದು ಅಪಕಾರ ಮಾಡಿದವನನ್ನು ಕುರಿತು ವಿಪರೀತ ಲಕ್ಷಣೆಯಿಂದ ಆಡಿದ ಮಾತು ಎಂದು ಒಂದು ಸಾಲಿನ ಟಿಪ್ಪಣಿ ಬರೆದು ಮುಂದೆ ಹೋಗುತ್ತಾನೆ. ‘ದೊಡ್ಡ ಉಪಕಾರ ಮಾಡಿದೆ, ನೂರು ಕಾಲ ಬಾಳಪ್ಪ’ ಎಂದು ಗೊಣಗುವ ನಮ್ಮ ಅಜ್ಜಿಯರು ಕಾವ್ಯಪ್ರಕಾಶ ಓದಿದವರಲ್ಲ. ಶಾಸ್ತ್ರಕಾರನೇ ಅಜ್ಜಿಯರ ಜಗಲಿಯಿಂದ ಉದಾಹರಣೆ ಎತ್ತಿಕೊಂಡಿರಬೇಕು.

ಈ ಶ್ಲೋಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ‘ಗೆಳೆಯಾ’ ಎಂಬ ಸಂಬೋಧನೆ. ಬೈದುಬಿಡಬಹುದಿತ್ತು. ಬೈದಿಲ್ಲ. ಎದುರಿನವನಿಗೆ ಇನ್ನೂ ಸ್ವಲ್ಪ ನಾಚಿಕೆ ಉಳಿದಿದೆ, ಮಾತಿನ ತಿರುವು ಅವನಿಗೆ ಅರ್ಥವಾದೀತು ಎಂಬ ನಂಬಿಕೆ ಇದ್ದಾಗ ಮಾತ್ರ ಮನುಷ್ಯ ವ್ಯಂಗ್ಯಕ್ಕೆ ಕೈ ಹಾಕುತ್ತಾನೆ. ಸಂಬಂಧ ಪೂರ್ತಿ ಸತ್ತ ಮೇಲೆ ಉಳಿಯುವುದು ಬೈಗುಳ ಅಥವಾ ಮೌನ.

ಕನ್ನಡದಲ್ಲಿ ಈ ತಿರುವಿಗೆ ಸಲಕರಣೆಗಳೂ ಧಾರಾಳವಾಗಿವೆ. ಮೊದಲನೆಯದು ಮರ್ಯಾದೆಯ ಹೆಚ್ಚಳ. ಮೂವತ್ತು ವರ್ಷ ‘ರೀ’ ಎಂದು ಕರೆದ ಹೆಂಡತಿ ಇದ್ದಕ್ಕಿದ್ದಂತೆ ‘ತಾವು ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದುಕೊಟ್ಟದ್ದು ಮಹದುಪಕಾರವಾಯಿತು’ ಎಂದರೆ ಗಂಡನಾದವನು ಚೀಲದೊಳಗಿನ ಬದನೆಕಾಯಿಯನ್ನು ಇನ್ನೊಮ್ಮೆ ಪರೀಕ್ಷಿಸುವುದು ಕ್ಷೇಮ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿರುವ ಭಾಷೆಗೆ ಈ ಅನುಕೂಲವಿದೆ. ಒಂದು ಮೆಟ್ಟಿಲು ಅನಗತ್ಯವಾಗಿ ಮೇಲೇರಿದರೆ ಸಾಕು, ಗೌರವ ಕೆಳಗಿಳಿಯುತ್ತದೆ. ಎರಡನೆಯದು ‘ಬಿಡು’ ಎಂಬ ಪುಟ್ಟ ಕ್ರಿಯಾಪದ. ‘ಉಪಕಾರವಾಯಿತು’ ಎಂಬುದು ಸಂದೇಹಾಸ್ಪದವಾಗಿರಬಹುದು, ‘ಉಪಕಾರವಾಯಿತು ಬಿಡಿ’ ಎಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಧಾರವಾಡದ ಕಡೆಯ ‘ಭಾಳ ಉಪಕಾರ ಆತು ನೋಡ್ರಿ’ ಎಂಬ ಮಾತಿನಲ್ಲಿ ಕೆಲಸ ಮಾಡುವುದು ಕೊನೆಯ ‘ನೋಡ್ರಿ’. ಆದರೆ ಅಲ್ಲಿ ಅದೇ ಮಾತು ನಿಜವಾದ ಕೃತಜ್ಞತೆಯೂ ಆಗಬಹುದಾದ್ದರಿಂದ ಮೈಸೂರು ಸೀಮೆಯವರು ಆ ಭಾಗಕ್ಕೆ ಹೋದಾಗ ಸ್ವಲ್ಪ ಎಚ್ಚರ ವಹಿಸಬೇಕು.

ಇಂಗ್ಲಿಷರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ‘ಥ್ಯಾಂಕ್’ ಎಂಬುದು ‘ಥಿಂಕ್’ ಎಂಬುದರ ಒಡಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಆಲೋಚನೆ, ನೆನಹು. ಈಗ ‘ಥ್ಯಾಂಕ್ಸ್ ಫಾರ್ ನಥಿಂಗ್’ ಎಂದರೆ ನಿನ್ನಿಂದ ನಯಾಪೈಸೆ ಪ್ರಯೋಜನವಾಗಲಿಲ್ಲ ಎಂದರ್ಥ. ‘ಇದಕ್ಕೆ ನಿನಗೆ ನೀನೇ ಥ್ಯಾಂಕ್ಸ್ ಹೇಳಿಕೋ’ ಎಂದರೆ ತಪ್ಪು ನಿನ್ನದೇ. ‘ನಿನ್ನ ಕೆಲಸ ನೀನು ನೋಡಿಕೊಂಡರೆ ಥ್ಯಾಂಕ್ಸ್ ಹೇಳುತ್ತೇನೆ’ ಎಂಬುದು ಶುದ್ಧ ಗದರಿಕೆ. ವಾಕ್ಯದ ಕೊನೆಗೆ ಒಂದು ‘ಥ್ಯಾಂಕ್ಯೂ ವೆರಿ ಮಚ್’ ಸಿಕ್ಕಿಸಿದರೆ ‘ನಿನ್ನ ಸಹಾಯ ಬೇಕಿಲ್ಲ, ನನಗೆ ಗೊತ್ತು’ ಎಂಬ ಠೀವಿ ಬರುತ್ತದೆ. ನಿರಾಕರಣೆಗೂ ಧನ್ಯವಾದಕ್ಕೂ ಇರುವ ನಂಟು ಇನ್ನೂ ವಿಚಿತ್ರ. ಜರ್ಮನಿಯಲ್ಲಿ ಕಾಫಿ ಬೇಕೇ ಎಂದು ಕೇಳಿದಾಗ ಬರಿಯ ‘ಡಾಂಕೆ’ ಎಂದರೆ ಸಾಮಾನ್ಯವಾಗಿ ಬೇಡವೆಂದೇ ಅರ್ಥ. ನಮ್ಮವರು ಸಂಕೋಚದಿಂದ ಹಾಗೆಂದು ಕಾಫಿಗಾಗಿ ಕಾದು ಕುಳಿತರೆ ಕಪ್ಪು ಬರುವುದಿಲ್ಲ. ಸಂದರ್ಶನ ಮಂಡಳಿಗಳಲ್ಲಿ ಕುಳಿತವರಿಗೆ ‘ಥ್ಯಾಂಕ್ಯೂ’ ಎಂಬುದರ ಅರ್ಥ ‘ಎದ್ದು ಹೋಗು’ ಎಂದೇ ಗೊತ್ತು, ಅದರ ಹಿಂದೆಯೇ ‘ನೆಕ್ಸ್ಟ್’ ಬರುತ್ತದೆ. 2018ರಲ್ಲಿ ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆ ಇವೆರಡೇ ಪದಗಳನ್ನು ಜೋಡಿಸಿ, ಹಳೆಯ ಪ್ರೇಮಿಗಳನ್ನು ಕುರಿತ ಹಾಡಿಗೆ ಶೀರ್ಷಿಕೆಯಾಗಿಸಿದರು. ಯಾರನ್ನಾದರೂ ಸಾಗಹಾಕುವುದಕ್ಕೆ ಈಗ ನಮ್ಮ ಕಾಲೇಜು ಮಕ್ಕಳೂ ಅದನ್ನು ಬಳಸುತ್ತಾರೆ. ನೌಕರಿ ಹೋದವನ ಬಗ್ಗೆ ‘ಕಂಪನಿಯವರು ಥ್ಯಾಂಕ್ಸ್ ಹೇಳಿ ಕಳಿಸಿದರು’ ಎನ್ನುವಾಗಲೂ ಅದೇ ಭಾವ.

ಫ್ರೆಂಚರ ‘ಮೆರ್ಸಿ’ಯ ಕಥೆ ನನ್ನ ವಿಷಯಕ್ಕೆ ಹತ್ತಿರದ್ದು. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಕೂಲಿ, ಬೆಲೆ, ಪ್ರತಿಫಲ ಎಂಬ ಅರ್ಥಗಳಿದ್ದವು. ಬೆಲೆ ಎಂಬುದು ದಯೆಯಾಗಿ, ದಯೆ ಧನ್ಯವಾದವಾಗಿ ಮಾರ್ಪಟ್ಟಿತು. ಲ್ಯಾಟಿನ್ನಿನದೇ ಇನ್ನೊಂದು ಕುಟುಂಬದಿಂದ ಕೃತಜ್ಞತೆಗೆ ‘ಗ್ರಾಟಿಟ್ಯೂಡ್’, ಬಿಟ್ಟಿಗೆ ‘ಗ್ರಾಟಿಸ್’, ನಿವೃತ್ತ ನೌಕರನ ಕೈಗೆ ಬರುವ ‘ಗ್ರಾಚ್ಯುಟಿ’ ಹುಟ್ಟಿದವು. ಗ್ರಾಚ್ಯುಟಿ ಮೂಲತಃ ಯಜಮಾನ ಮನಸ್ಸಿದ್ದರೆ ಕೊಡುತ್ತಿದ್ದ ಇನಾಮು. 1972ರ ಕಾನೂನು ಅದನ್ನು ಕಾರ್ಮಿಕನ ಹಕ್ಕನ್ನಾಗಿ ಮಾಡಿತು. ಇದೇ ಕುಟುಂಬದ ಇನ್ನೊಬ್ಬ ಸದಸ್ಯ ‘ಗ್ರ್ಯಾಟಿಫಿಕೇಶನ್’. 1988ರ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಲಂಚಕ್ಕೆ ಇಟ್ಟ ಹೆಸರೇ ಅದು. 2018ರ ತಿದ್ದುಪಡಿ ‘ಅನುಚಿತ ಲಾಭ’ ಎಂಬ ಹೊಸ ಪದ ತಂದಿತಾದರೂ ಅದರ ವ್ಯಾಖ್ಯೆಯೊಳಗೆ ಹಳೆಯ ಪದ ಹಾಗೆಯೇ ಕುಳಿತಿದೆ. ಕಾನೂನಿನ ಕರಡು ಬರೆದವರಿಗೆ ನಮ್ಮ ಕಚೇರಿಗಳ ಪರಿಭಾಷೆ ಗೊತ್ತಿರಲಿಲ್ಲವೆನ್ನಲಾಗದು. ‘ಏನು ಸ್ವಾಮಿ, ಒಣ ಥ್ಯಾಂಕ್ಸೇ?’ ಎಂಬ ಪ್ರಶ್ನೆಯಲ್ಲಿ ಧನ್ಯವಾದಕ್ಕೆ ಒಣಗಿದ್ದು, ಹಸಿಯದು ಎಂಬ ಎರಡು ದರ್ಜೆಗಳಿರುವುದು ಸ್ಪಷ್ಟವಾಗಿಯೇ ಇದೆ. ‘ಸಂತೋಷಕ್ಕೆ ಏನಾದರೂ ಕೊಡಿ’ ಎಂಬಲ್ಲಿ ಸಂತೋಷ ಯಾರದ್ದು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಸೇವೆಯ ಆರಂಭದ ವರ್ಷಗಳಲ್ಲಿ ಒಂದು ತಾಲ್ಲೂಕು ಕಚೇರಿಯಲ್ಲಿ ಕಂಡ ಪ್ರಸಂಗವೊಂದಿದೆ. ಖಾತೆ ಬದಲಾವಣೆಗಾಗಿ ತಿಂಗಳುಗಟ್ಟಲೆ ಅಲೆದ ವೃದ್ಧ ರೈತರೊಬ್ಬರು ಕಡೆಗೂ ಕಾಗದ ಕೈಗೆ ಬಂದಾಗ ಅದನ್ನು ಕಣ್ಣಿಗೊತ್ತಿಕೊಂಡು ಗುಮಾಸ್ತರಿಗೆ ಹೇಳಿದರು: ‘ಬುದ್ಧೀ, ತಮ್ಮ ಉಪಕಾರ ಮರೆಯೋದಿಲ್ಲ. ನನ್ನ ಮೊಮ್ಮಕ್ಕಳು ಬರೋ ಕಾಲಕ್ಕೂ ತಾವೇ ಈ ಕುರ್ಚಿಯಲ್ಲಿ ಕೂತಿರಬೇಕು.’ ಗುಮಾಸ್ತರು ಹರ್ಷದಿಂದ ಕೈ ಮುಗಿದರು. ಆಚೆ ಮೇಜಿನಲ್ಲಿದ್ದವರು ಕಡತದೊಳಗೆ ಮುಖ ಹುದುಗಿಸಿದರು. ಬಡ್ತಿಯಿಲ್ಲದೆ ಅದೇ ಕುರ್ಚಿಯಲ್ಲಿ ಕೊಳೆಯುವಂತೆ ಹಾಕಿದ ಶಾಪವೋ, ಮೊಮ್ಮಕ್ಕಳೂ ಹೀಗೇ ಅಲೆಯಬೇಕಾದೀತೆಂಬ ಭವಿಷ್ಯವೋ, ಎರಡೂ ಅದರಲ್ಲಿದ್ದವು. ಆದರೆ ಅದರಿಂದ ಆ ಕಚೇರಿಯ ಯಾವ ಕಡತವೂ ಒಂದು ದಿನ ಮುಂಚಿತವಾಗಿ ಚಲಿಸಲಿಲ್ಲ. ನಿಂದಾಸ್ತುತಿ ನಾಟಬೇಕಾದರೆ ದೇವರಿಗಾದರೂ ಕಿವಿ ಸೂಕ್ಷ್ಮವಿರಬೇಕು.

ಆಡಂ ಸ್ಮಿತ್ ‘ರಾಷ್ಟ್ರಗಳ ಸಂಪತ್ತು’ ಬರೆಯುವುದಕ್ಕೆ 17 ವರ್ಷ ಮುಂಚೆ, 1759ರಲ್ಲಿ, ನೈತಿಕ ಭಾವನೆಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ್ದ. ಅರ್ಥಶಾಸ್ತ್ರದವರು ಅದನ್ನು ಹೆಸರಿಸುವಷ್ಟು ಓದುವುದಿಲ್ಲ. ಉಪಕಾರವೆಂಬುದು ಸ್ವಇಚ್ಛೆಯದು, ಅದನ್ನು ಬಲವಂತದಿಂದ ಹಿಂಡಲು ಬರುವುದಿಲ್ಲ, ನ್ಯಾಯವನ್ನಾದರೋ ಒತ್ತಾಯಿಸಿ ಪಡೆಯಬಹುದು ಎಂದು ಅಲ್ಲಿ ಆತ ಬೇರ್ಪಡಿಸುತ್ತಾನೆ. ಪಹಣಿ, ಖಾತೆ, ಜಾತಿ ಪ್ರಮಾಣಪತ್ರ, ಪಿಂಚಣಿ ಇವೆಲ್ಲ ನ್ಯಾಯದ ಸಾಲಿಗೆ ಸೇರಿದವು. ಅವನ್ನು ಉಪಕಾರದ ಸಾಲಿಗೆ ತಳ್ಳಿ, ಕೊಟ್ಟವನಿಗೆ ಕೈ ಮುಗಿಯುವಂತೆ ಮಾಡಿದ್ದು ನಮ್ಮ ಆಡಳಿತದ ಹಳೆಯ ಕಾಯಿಲೆ. ಕರ್ನಾಟಕದಲ್ಲಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆ ಇದನ್ನು ಪದಕೋಶದ ಮಟ್ಟದಲ್ಲಾದರೂ ತಿದ್ದಲು ಹೊರಟಿತು. ಗೊತ್ತುಪಡಿಸಿದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಸಿಬ್ಬಂದಿಯಿಂದ ವಸೂಲಿ ಎಂದು ಕಾನೂನು ಹೇಳಿತು. ಮೊತ್ತ ಹಾಸ್ಯಾಸ್ಪದವೆಂದು ಅನೇಕರು ಟೀಕಿಸಿದರು. ನನಗೆ ಮುಖ್ಯವಾಗಿ ಕಂಡದ್ದು ಮೊತ್ತವಲ್ಲ. ಆ ವೃದ್ಧರು ಹರಕೆಯ ಬಟ್ಟೆ ಸುತ್ತಿ ಹೇಳಿದ್ದನ್ನು ಇನ್ನು ನೇರವಾಗಿ, ಅರ್ಜಿ ಸಂಖ್ಯೆ ಸಮೇತ ಹೇಳಬಹುದಾಯಿತು. ಎಷ್ಟು ಜನ ಹಾಗೆ ಹೇಳುತ್ತಾರೆ ಎಂಬುದು ಬೇರೆ ಪ್ರಶ್ನೆ. ಇವತ್ತಿಗೂ ಬಹುಪಾಲು ಜನ ಕೌಂಟರಿನ ಮುಂದೆ ‘ಪುಣ್ಯ ಕಟ್ಟಿಕೊಳ್ಳಿ ಸಾರ್’ ಎಂದೇ ಮಾತು ಆರಂಭಿಸುತ್ತಾರೆ.

ಇತ್ತ ಪ್ರಜೆಯ ಧನ್ಯವಾದ ಹೀಗೆ ಅಡ್ಡದಾರಿ ಹಿಡಿದರೆ, ಅತ್ತ ಸಂಸ್ಥೆಗಳ ಧನ್ಯವಾದ ಹೆದ್ದಾರಿಯಲ್ಲೇ ನಿಂತಿದೆ. ಅಗೆದ ರಸ್ತೆಯ ಪಕ್ಕದಲ್ಲಿ ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂಬ ಫಲಕ. ನಾವು ಸಹಕರಿಸಿದ್ದು ಯಾವಾಗ? ‘ಇಲ್ಲಿ ವಾಹನ ನಿಲ್ಲಿಸದಿದ್ದಕ್ಕೆ ಧನ್ಯವಾದ’ ಎಂಬುದು ಧನ್ಯವಾದದ ವೇಷ ತೊಟ್ಟ ಆಜ್ಞೆ. ದೂರವಾಣಿಯಲ್ಲಿ ಒಂಬತ್ತನ್ನು ಒತ್ತಿ, ಎರಡನ್ನು ಒತ್ತಿ, ಸಂಗೀತ ಕೇಳಿ ಸುಸ್ತಾದವನಿಗೆ ‘ತಾಳ್ಮೆಗಾಗಿ ಧನ್ಯವಾದಗಳು’ ಎನ್ನುತ್ತದೆ ಧ್ವನಿಮುದ್ರಿಕೆ. ಅಲ್ಲಿ ತಾಳ್ಮೆಯನ್ನು ಯಾರೂ ಕೊಟ್ಟಿರುವುದಿಲ್ಲ, ಅದು ಕಿತ್ತುಕೊಂಡದ್ದು. ಔಷಧಿ ಅಂಗಡಿಯ ರಸೀದಿಯ ಕೊನೆಯ ‘ವಂದನೆಗಳು, ಮತ್ತೆ ಬನ್ನಿ’ ಮಾತ್ರ ಇವುಗಳಲ್ಲಿ ನಿರಪರಾಧಿ. ಅದನ್ನು ಅಚ್ಚು ಹಾಕಿಸಿದವನಿಗೆ ಅದರ ಅರ್ಥ ಹೊಳೆದಿಲ್ಲ, ಅಷ್ಟೆ. ಉಳಿದವುಗಳಲ್ಲಿ ನನಗೆ ಕಾಣುವ ಕೆಡುಕೆಂದರೆ ಅವಕ್ಕೆ ಎದುರುತ್ತರ ಕೊಡುವಂತಿಲ್ಲ. ವ್ಯಂಗ್ಯಕ್ಕೆ ಕೇಳುವ ಕಿವಿ ಬೇಕು. ಯಂತ್ರಕ್ಕೆ ‘ದೊಡ್ಡ ಉಪಕಾರವಾಯಿತು’ ಎಂದು ಬರೆದು ಕಳುಹಿಸಿದರೆ ಅದು ಸಂತೃಪ್ತ ಗ್ರಾಹಕರ ಲೆಕ್ಕಕ್ಕೆ ಸೇರಿಬಿಡುವ ಸಾಧ್ಯತೆಯೇ ಹೆಚ್ಚು. ಮೊಬೈಲಿನ ಕೈಮುಗಿದ ಚಿತ್ರವೂ ಹೀಗೆಯೇ. ಅದು ವಂದನೆಯೇ, ಸಂತಾಪವೇ, ‘ಸಾಕು ಮಾಡಪ್ಪ’ ಎಂಬ ಬೇಡಿಕೆಯೇ ಎಂಬುದು ಕಳುಹಿಸಿದವರ ಮುಖ ಕಾಣದೆ ತಿಳಿಯುವುದಿಲ್ಲ. ಕುಟುಂಬದ ಗುಂಪುಗಳಲ್ಲಿ ಇದರಿಂದ ಹುಟ್ಟಿದ ಮನಸ್ತಾಪಗಳು ಪಂಚಾಯಿತಿಯವರೆಗೆ ಹೋಗಿವೆ.

ಸಭೆ ಸಮಾರಂಭಗಳ ವಂದನಾರ್ಪಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ ಕೃತಜ್ಞತೆ ಸಲ್ಲುವ ವೇಳೆಗೆ ಅದನ್ನು ಸ್ವೀಕರಿಸಲು ಅವರಷ್ಟೇ ಉಳಿದಿರುತ್ತಾರೆ.

ಆದರೆ ದೇಶದ ಅತ್ಯುನ್ನತ ವಂದನಾರ್ಪಣೆಯನ್ನು ಬಿಡುವಂತಿಲ್ಲ. ಸಂವಿಧಾನದ 87ನೆಯ ವಿಧಿಯಂತೆ ರಾಷ್ಟ್ರಪತಿಗಳು ಸಂಸತ್ತಿನಲ್ಲಿ, 176ನೆಯ ವಿಧಿಯಂತೆ ರಾಜ್ಯಪಾಲರು ವಿಧಾನಮಂಡಲದಲ್ಲಿ ವರ್ಷದ ಮೊದಲ ಅಧಿವೇಶನವನ್ನು ಉದ್ದೇಶಿಸಿ ಭಾಷಣ ಮಾಡುತ್ತಾರೆ. ಭಾಷಣ ಬರೆದುಕೊಡುವುದು ಸರ್ಕಾರ. ಅದಕ್ಕೆ ಸದನ ಸಲ್ಲಿಸುವುದು ವಂದನಾ ನಿರ್ಣಯ. ಹೆಸರು ವಂದನೆಯದಾದರೂ ದಿನಗಟ್ಟಲೆ ನಡೆಯುವುದು ಸರ್ಕಾರದ ಲೋಪದೋಷಗಳ ಪಾರಾಯಣ. ಈ ಪದ್ಧತಿಯನ್ನು ನಾವು ಬ್ರಿಟಿಷ್ ಸಂಸತ್ತಿನಿಂದ ಪಡೆದೆವು. ವಿರೋಧ ಪಕ್ಷದವರು ನಿರ್ಣಯಕ್ಕೆ ತಿದ್ದುಪಡಿ ತರಬಹುದು, ಅದರ ಒಕ್ಕಣೆಯೂ ನಿಗದಿಯಾಗಿದೆ. ವಂದನೆಯ ವಾಕ್ಯ ಮುಗಿದ ಕೂಡಲೇ ‘ಆದರೆ’ ಎಂದು ಆರಂಭಿಸಿ, ಭಾಷಣದಲ್ಲಿ ಇಂಥ ವಿಷಯದ ಪ್ರಸ್ತಾಪವೇ ಇಲ್ಲದಿರುವುದಕ್ಕೆ ಸದನ ವಿಷಾದಿಸುತ್ತದೆ ಎಂದು ಸೇರಿಸಬೇಕು. ಕೆಳಮನೆಯಲ್ಲಿ ಇಂಥ ತಿದ್ದುಪಡಿ ಅಂಗೀಕಾರವಾದರೆ ಅದು ಸರ್ಕಾರದ ಸೋಲು. ರಾಜ್ಯಸಭೆಯಲ್ಲಿ ಸರ್ಕಾರ ಬೀಳುವುದಿಲ್ಲ, ಮುಖ ಮಾತ್ರ ಬಾಡುತ್ತದೆ. ಅಲ್ಲಿ 1980, 1989, 2001ರಲ್ಲಿ ಹೀಗಾಗಿತ್ತು. 2015ರ ಮಾರ್ಚ್‌ನಲ್ಲಿ ಸೀತಾರಾಂ ಯೆಚೂರಿ ಅವರು ಭ್ರಷ್ಟಾಚಾರ ಮತ್ತು ಕಪ್ಪುಹಣದ ವಿಚಾರವಾಗಿ ಮಂಡಿಸಿದ ತಿದ್ದುಪಡಿ 118–57 ಮತಗಳಿಂದ ಗೆದ್ದಿತು, ಮರುವರ್ಷ 2016ರಲ್ಲಿ ಇನ್ನೊಂದು. ‘ಆದರೆ’ ಸೇರಿಕೊಂಡ ವಂದನಾ ನಿರ್ಣಯವೂ ನಿರ್ಣಯವೇ. ಆ ವಂದನೆ ರಾಷ್ಟ್ರಪತಿ ಭವನಕ್ಕೆ ಸಲ್ಲಿಕೆಯಾಗುತ್ತದೆ. ತಮಗೆ ಸಂದ ವಂದನೆಯಲ್ಲಿ ವಿಷಾದ ಎಷ್ಟು ಪಾಲು ಬೆರೆತಿದೆಯೆಂದು ರಾಷ್ಟ್ರಪತಿಗಳು ಮರುಪ್ರಶ್ನೆ ಹಾಕುವ ಪದ್ಧತಿಯಿಲ್ಲ.